ಆರ್‌ವಿ ಪ್ರವಾಸಕ್ಕೆ ಇ-ಸೈಕಲ್: ಯಾವುದನ್ನು ಕೊಳ್ಳುವುದು, ಎಲ್ಲಿ ಕಟ್ಟಿ ಸಾಗಿಸುವುದು?

ದಾರಿಹೋಕ ಬರೆದಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಪತ್ನಿ ಪಿಕಪ್‌ಗೆ ಜೋಡಿಸಿ ಎಳೆಯುವ ಟ್ರೇಲರ್‌ನಲ್ಲಿ, ಅಂದರೆ ಒಳಗೇ ವಾಸಿಸಬಹುದಾದ ಆರ್‌ವಿಯಲ್ಲಿ, ಪ್ರವಾಸ ಮಾಡುವವರು. ಒಂದು ಕಡೆ ಬಿಡಾರ ಹೂಡಿದ ಮೇಲೆ ಹತ್ತಿರದ ಕೆರೆಗೋ ಕಾಡುದಾರಿಗೋ ಪೇಟೆಗೋ ಹೋಗಿಬರಲು ಪ್ರತಿ ಸಲವೂ ಪಿಕಪ್ ತೆಗೆಯುವುದು ಬೇಸರದ ಕೆಲಸವಾಗಿರುವುದರಿಂದ ಎರಡು ಇ-ಸೈಕಲ್ ಕೊಳ್ಳಬೇಕೆಂದು ನಿರ್ಧರಿಸಿದ್ದೇವೆ. ಇಬ್ಬರಿಗೂ ಅರವತ್ತರ ಆಸುಪಾಸು. ಪತ್ನಿಗೆ ಮೊಣಕಾಲು ನೋವಿದೆ.

ನಮಗೆ ಮೆಚ್ಚುಗೆಯಾಗಿರುವುದು 4 ಇಂಚು ಅಗಲದ ದಪ್ಪ ಟಯರಿನ, ತಲಾ 33 ಕೆ.ಜಿ. ತೂಗುವ ಮಾದರಿ. ಟ್ರೇಲರಿನ ಹಿಂದಿನ ಬಂಪರಿಗೆ ಒಂದು ರ್ಯಾಕ್ ಕೂಡಿಸಿ ಎರಡನ್ನೂ ಅದರ ಮೇಲೆ ನಿಲ್ಲಿಸಿಕೊಂಡು ಹೋಗಬಹುದೆಂದು ಯೋಚಿಸಿದ್ದೇವೆ. ಇದು ಸರಿಯೇ? ಸೈಕಲ್ಲಿನ ಆಯ್ಕೆಯಲ್ಲಿ ಏನನ್ನು ಮುಖ್ಯವಾಗಿ ನೋಡಬೇಕು? ವಿದ್ಯುತ್ ಸಂಪರ್ಕವಿಲ್ಲದ ಜಾಗದಲ್ಲಿ ಚಾರ್ಜ್ ಮಾಡಲು ಸಾಧ್ಯವೇ? ಅನುಭವವಿರುವವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಗ್ಯಾರೇಜ್‌ನಿಂದ ಬರೆದಿದ್ದಾರೆ:

ದಾರಿಹೋಕ ಅವರೇ, ಸೈಕಲ್ಲಿನ ಮಾತು ಆಮೇಲೆ ಆಡೋಣ, ಮೊದಲು ಆ ಬಂಪರಿನ ವಿಚಾರ. ಹೆಚ್ಚಿನ ಟ್ರೇಲರ್‌ಗಳ ಹಿಂದೆ ಇರುವ 4 ಇಂಚಿನ ಚೌಕಾಕಾರದ ಕೊಳವೆ ನಿಜವಾದ ಅರ್ಥದಲ್ಲಿ ಬಂಪರೇ ಅಲ್ಲ. ಅದು ತೆಳುವಾದ ತಗಡಿನದು. ಕೊಳಚೆ ನೀರಿನ ಪೈಪನ್ನು ಮಡಚಿ ಒಳಗಿಡಲು, ಹೆಚ್ಚೆಂದರೆ ಸ್ಟೆಪ್ನಿಯನ್ನು ಹೊರಲು ಮಾಡಿದ್ದು. ಚಾಸಿಯ ಎರಡು ತುದಿಗಳಿಗೆ ಅದನ್ನು ಬೆಸುಗೆ ಹಾಕಿರುತ್ತಾರೆ, ಆ ಬೆಸುಗೆಯೂ ಭಾರ ಹೊರುವ ಲೆಕ್ಕದ್ದಲ್ಲ. ನಿಮ್ಮ ಎರಡು ಸೈಕಲ್ಲಿಗೆ 66 ಕೆ.ಜಿ., ಗಟ್ಟಿಮುಟ್ಟಾದ ರ್ಯಾಕಿಗೆ ಸುಮಾರು 24 ಕೆ.ಜಿ. ಎಂದರೆ ಒಟ್ಟು 90 ಕೆ.ಜಿ. ಆಯಿತು. ಅದೂ ಕೊಳವೆಯ ನೇರ ಮೇಲೆ ಕೂರುವುದಿಲ್ಲ. ಅದರಿಂದ ಒಂದೂವರೆ ಅಡಿ ಹಿಂದಕ್ಕೆ ಚಾಚಿಕೊಂಡಿರುತ್ತದೆ. ಹಾಗಾಗಿ ಪ್ರತಿ ಸಲ ಚಕ್ರ ಗುಂಡಿಗೆ ಇಳಿದಾಗಲೂ ಕೊಳವೆಯನ್ನು ತಿರುಚುವ ಬಲ ಬೆಸುಗೆಯ ಮೇಲೆಯೇ ಬೀಳುತ್ತದೆ. ಬೆಸುಗೆ ಸೀಳಿ ಬಂಪರು, ರ್ಯಾಕು, ಸೈಕಲ್ಲು ಮೂರೂ ಒಟ್ಟಿಗೆ ಹೆದ್ದಾರಿಗೆ ಬಿದ್ದ ಟ್ರೇಲರ್‌ಗಳು ನಮ್ಮಲ್ಲಿಗೆ ರಿಪೇರಿಗೆ ಬಂದಿವೆ. ಹಿಂದಿನಿಂದ ಬರುತ್ತಿದ್ದವರಿಗೆ ಏನೂ ಆಗದೆ ಉಳಿದದ್ದು ಅದೃಷ್ಟ, ಅಷ್ಟೇ.

ಬಂಪರನ್ನು ಬಲಪಡಿಸಿದರೂ ಇನ್ನೊಂದು ತೊಂದರೆ ಉಳಿಯುತ್ತದೆ, ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ಇಂಥ ಟ್ರೇಲರ್‌ಗಳಲ್ಲಿ ಒಟ್ಟು ತೂಕದ ಶೇ. 10ರಿಂದ 15ರಷ್ಟು ಭಾರ ಮುಂದಿನ ಹಿಚ್ (ಟ್ರೇಲರನ್ನು ಪಿಕಪ್ಪಿಗೆ ಸೇರಿಸುವ ಕೊಂಡಿ) ಮೇಲೆ ಬೀಳುತ್ತಿರಬೇಕು. ಇದು ಕಡಿಮೆಯಾದಂತೆ ವೇಗದಲ್ಲಿ ಟ್ರೇಲರ್ ಎಡಬಲಕ್ಕೆ ಓಲಾಡತೊಡಗುತ್ತದೆ. ಒಂದು ಉದಾಹರಣೆ ತೆಗೆದುಕೊಳ್ಳಿ. ಟ್ರೇಲರಿನ ತೂಕ 2500 ಕೆ.ಜಿ., ಹಿಚ್ ಮೇಲಿನ ಭಾರ 300 ಕೆ.ಜಿ., ಅಂದರೆ ಶೇ. 12. ಹಿಚ್‌ನಿಂದ ಅಚ್ಚಿಗೆ 5 ಮೀಟರ್, ಅಚ್ಚಿನಿಂದ ರ್ಯಾಕಿಗೆ 3.5 ಮೀಟರ್ ಇದೆ ಎಂದುಕೊಳ್ಳೋಣ. ಹಿಂದೆ 90 ಕೆ.ಜಿ. ಹೇರಿದಾಗ ಅದು ಅಚ್ಚಿನ ಮೇಲೆ ಏತದಂತೆ ಕೆಲಸ ಮಾಡಿ ಮುಂದಿನ ಭಾರವನ್ನು 63 ಕೆ.ಜಿ. ಎತ್ತಿಬಿಡುತ್ತದೆ. ಉಳಿದದ್ದು 237 ಕೆ.ಜಿ. ಒಟ್ಟು ತೂಕ ಈಗ 2590 ಆಗಿರುವುದರಿಂದ ಪ್ರಮಾಣ ಶೇ. 9ರ ಚಿಲ್ಲರೆಗೆ ಇಳಿಯುತ್ತದೆ. ಅದರ ಜೊತೆಗೆ ಹಿಂಬದಿಯ ನೀರಿನ ಟ್ಯಾಂಕ್ ತುಂಬಿದ್ದರೆ ಸ್ಥಿತಿ ಇನ್ನೂ ಕೆಡುತ್ತದೆ. ಭಾರಿ ಲಾರಿಯೊಂದು ಪಕ್ಕದಲ್ಲಿ ಹಾದುಹೋದಾಗ ಇದರ ಪರಿಣಾಮ ನಿಮ್ಮ ಸ್ಟೀರಿಂಗಿನಲ್ಲೇ ಗೊತ್ತಾಗುತ್ತದೆ.

ಆದ್ದರಿಂದ ಸೈಕಲ್ ಕೊಳ್ಳುವ ಮೊದಲು ಅದು ಕೂರುವ ಜಾಗವನ್ನೂ ಆ ಜಾಗ ಹೊರಬಲ್ಲ ತೂಕವನ್ನೂ ಖಚಿತ ಮಾಡಿಕೊಳ್ಳಿ. ಅದು ತಿಳಿದ ಮೇಲೆ ಯಾವ ಸೈಕಲ್ ಎಂಬ ಪ್ರಶ್ನೆ ಅರ್ಧ ತಾನೇ ಬಗೆಹರಿಯುತ್ತದೆ.

ದಾರಿಹೋಕ ಬರೆದಿದ್ದಾರೆ:

ಸರ್, ಇಷ್ಟು ಸ್ಪಷ್ಟವಾಗಿ ಲೆಕ್ಕ ಹಾಕಿ ತೋರಿಸಿದ್ದಕ್ಕೆ ಧನ್ಯವಾದ. ನಮ್ಮ ಟ್ರೇಲರಿನದ್ದೂ ನೀವು ಹೇಳಿದಂಥದ್ದೇ ಕೊಳವೆ, ಒಳಗೆ ಪೈಪ್ ಇದೆ. ಹಾಗಾದರೆ ನಮಗೆ ಉಳಿದಿರುವ ಜಾಗಗಳು ಯಾವುವು? ಟ್ರೇಲರಿನ ಮುಂಭಾಗದಲ್ಲಿ, ಗ್ಯಾಸ್ ಸಿಲಿಂಡರ್‌ಗಳ ಬಳಿ ಕೂಡಿಸುವ ರ್ಯಾಕ್‌ಗಳನ್ನು ನೋಡಿದ್ದೇನೆ. ಅದು ಸುರಕ್ಷಿತವೇ?

ಗ್ಯಾರೇಜ್‌ನಿಂದ ಬರೆದಿದ್ದಾರೆ:

ಮುಂಭಾಗದ ತ್ರಿಕೋನ ಚೌಕಟ್ಟಿಗೆ ಕೂಡಿಸುವ ರ್ಯಾಕ್ ಒಳ್ಳೆಯ ಆಯ್ಕೆಯೇ, ಏಕೆಂದರೆ ಅಲ್ಲಿ ಕುಲುಕಾಟ ಹಿಂದಿನಷ್ಟಿರುವುದಿಲ್ಲ. ಆದರೆ ಅಲ್ಲಿ ಲೆಕ್ಕ ಉಲ್ಟಾ ಆಗುತ್ತದೆ. ಮೇಲಿನ ಉದಾಹರಣೆಯಲ್ಲೇ ಅದೇ 90 ಕೆ.ಜಿ.ಯನ್ನು ಹಿಚ್‌ನಿಂದ 80 ಸೆಂ.ಮೀ. ಹಿಂದೆ ಕೂರಿಸಿದರೆ ಹಿಚ್ ಮೇಲಿನ ಭಾರ ಸುಮಾರು 376 ಕೆ.ಜಿ.ಗೆ ಏರಿ ಶೇ. 14.5 ಆಗುತ್ತದೆ. ಓಲಾಟದ ಭಯ ಹೋಯಿತು, ಆದರೆ ಪಿಕಪ್ಪಿನ ಹಿಚ್ ಅಷ್ಟು ಹೊರುತ್ತದೆಯೇ ಎಂಬುದನ್ನು ಹಿಚ್ ಮೇಲೆಯೇ ಇರುವ ಪಟ್ಟಿಯಲ್ಲೂ, ಹಿಂದಿನ ಅಚ್ಚಿನ ಮಿತಿ ಎಷ್ಟು ಎಂಬುದನ್ನು ಬಾಗಿಲ ಚೌಕಟ್ಟಿಗೆ ಅಂಟಿಸಿರುವ ಪಟ್ಟಿಯಲ್ಲೂ ನೋಡಿಕೊಳ್ಳಬೇಕು. ಇದಲ್ಲದೆ ಜಾಕ್ ತಿರುಗಿಸಲು ಜಾಗ ಇರಬೇಕು, ಸಿಲಿಂಡರಿನ ಕವಾಟಕ್ಕೆ ಕೈ ಹೋಗಬೇಕು. ಕಡಿದಾದ ತಿರುವಿನಲ್ಲಿ ಸೈಕಲ್ಲಿನ ಹ್ಯಾಂಡಲ್ ಪಿಕಪ್ಪಿನ ಹಿಂಬಾಗಿಲಿಗೆ ತಗಲುತ್ತದೆಯೇ ಎಂದು ಖಾಲಿ ಮೈದಾನದಲ್ಲಿ ಪೂರ್ತಿ ತಿರುಗಿಸಿ ನೋಡದೆ ರಸ್ತೆಗೆ ಇಳಿಯಬಾರದು.

ನಿಮಗೆ ಪಿಕಪ್ ಇದೆ ಎಂದ ಮೇಲೆ ಅದರ ಹಿಂಬದಿಯ ತೊಟ್ಟಿಗಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ಸೈಕಲ್‌ಗಳು ಅಚ್ಚಿನ ಹತ್ತಿರವೇ ಇರುತ್ತವೆ, ಕುಲುಕಾಟ ಕಡಿಮೆ, ಹಿಂದಿನ ದೀಪಗಳಿಗೂ ನಂಬರ್ ಪ್ಲೇಟಿಗೂ ಮರೆಯಾಗುವುದಿಲ್ಲ. ತೂಕ ಮಾತ್ರ ಪಿಕಪ್ಪಿನ ಹೊರುವ ಮಿತಿಯಿಂದ ಕಳೆದುಹೋಗುತ್ತದೆ. ಹಿಚ್ ಮೇಲಿನ ಭಾರವೂ ಅದೇ ಮಿತಿಯೊಳಗೆ ಬರಬೇಕು ಎಂಬುದನ್ನು ಮರೆಯಬೇಡಿ.

ಹೊಸ ಸದಸ್ಯೆ ಬರೆದಿದ್ದಾರೆ:

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆ ಇರಲಿ. ನಮ್ಮದು ಮೋಟರ್‌ಹೋಮ್, ಅಂದರೆ ತನ್ನದೇ ಎಂಜಿನ್ನಿನಿಂದ ಓಡುವ ಆರ್‌ವಿ, ಟ್ರೇಲರ್ ಅಲ್ಲ. ಹಿಂದೆ ಕಾರ್ಖಾನೆಯಿಂದಲೇ ಬಂದ 2 ಇಂಚಿನ ಹಿಚ್ ಇದೆ. ರ್ಯಾಕ್ ತಯಾರಕರು ಒಂದು ಸೈಕಲ್ಲಿಗೆ 27 ಕೆ.ಜಿ. ಎಂದು ಹೇಳಿದ್ದಾರೆ, ನಮ್ಮ ಸೈಕಲ್ ತಲಾ 25 ಕೆ.ಜಿ. ಇಷ್ಟಿದ್ದರೆ ಸಾಕಲ್ಲವೇ?

ಗ್ಯಾರೇಜ್‌ನಿಂದ ಬರೆದಿದ್ದಾರೆ:

ಮೇಡಂ, ಆ 27 ಕೆ.ಜಿ. ಎಂಬುದು ಕಾರಿನ ಹಿಂದೆ ಕೂಡಿಸಿದಾಗಿನ ಮಿತಿಯೇ ಅಥವಾ ಮೋಟರ್‌ಹೋಮಿಗೂ ಅನ್ವಯಿಸುತ್ತದೆಯೇ ಎಂದು ಕೈಪಿಡಿಯನ್ನು ಮತ್ತೊಮ್ಮೆ ಓದಿ. ಕಾರಿನಲ್ಲಿ ಹಿಂದಿನ ಚಕ್ರದಿಂದ ಹಿಚ್‌ಗೆ ಸಾಮಾನ್ಯವಾಗಿ ಒಂದು ಮೀಟರಿನ ಆಸುಪಾಸು ದೂರ. ಮೋಟರ್‌ಹೋಮಿನಲ್ಲಿ ಅದು ಮೂರು ಮೀಟರಿನವರೆಗೂ ಇರಬಹುದು. ಚಕ್ರ ಒಂದು ಉಬ್ಬು ಹತ್ತಿ ಇಳಿದಾಗ ಆ ಚಾಚಿದ ತುದಿ ಎಷ್ಟು ಮೇಲೆ ಕೆಳಗೆ ಹೊಡೆಯುತ್ತದೆ ಎಂಬುದನ್ನು ಹಿಂದಿನ ಮಂಚದ ಮೇಲೆ ಕೂತು ಪ್ರಯಾಣಿಸಿದವರೆಲ್ಲ ಬಲ್ಲರು. ಈ ಕಾರಣಕ್ಕೆ ಕೆಲವು ತಯಾರಕರು ತಮ್ಮ ರ್ಯಾಕನ್ನು ಆರ್‌ವಿ ಹಿಂದೆ ಬಳಸಲೇಬಾರದೆಂದು ಹೇಳುತ್ತಾರೆ, ಕೆಲವರು ಮಿತಿಯನ್ನು ಅರ್ಧಕ್ಕೆ ಇಳಿಸುತ್ತಾರೆ. ಆರ್‌ವಿ ಬಳಕೆಗೆಂದೇ ಪರೀಕ್ಷಿಸಿದ್ದು ಎಂದು ಸ್ಪಷ್ಟವಾಗಿ ಬರೆದಿರುವ ರ್ಯಾಕನ್ನಷ್ಟೇ ತೆಗೆದುಕೊಳ್ಳಿ. ಇಲ್ಲಿ ಹಣ ಉಳಿಸುವುದು ಬೇಡ.

ಇನ್ನು ಹಿಚ್ 2 ಇಂಚಿನದು ಎಂಬ ಮಾತ್ರಕ್ಕೆ ಅದರ ಹಿಂದಿನ ಚೌಕಟ್ಟು ಗಟ್ಟಿ ಎಂದು ಭಾವಿಸಬೇಡಿ. ಹಿಂಬದಿಯನ್ನು ಉದ್ದ ಮಾಡಲು ಮೂಲ ಚಾಸಿಗೆ ತುಂಡು ಸೇರಿಸಿರುವ ಮೋಟರ್‌ಹೋಮ್‌ಗಳಲ್ಲಿ ಆ ಸೇರ್ಪಡೆಯ ಮಿತಿಯೇ ನಿಜವಾದ ಮಿತಿ. ಹಿಚ್‌ಗೆ ಉದ್ದ ಮಾಡುವ ತುಂಡು ಸಿಕ್ಕಿಸಿದರೆ ಹೊರುವ ಶಕ್ತಿ ಮತ್ತೆ ಕುಗ್ಗುತ್ತದೆ. ಹೊಗೆ ಕೊಳವೆಯ ಬಾಯಿ ಸೈಕಲ್ಲಿನ ಚಕ್ರದ ನೇರಕ್ಕೆ ಬರುತ್ತಿದ್ದರೆ ಬಿಸಿ ಹೊಗೆಗೆ ಟಯರ್ ಸುಟ್ಟು ಹಾಳಾಗುತ್ತದೆ, ಅದನ್ನೂ ನೋಡಿ. ರ್ಯಾಕಿನಿಂದ ನಂಬರ್ ಪ್ಲೇಟ್ ಅಥವಾ ದೀಪ ಮುಚ್ಚಿಹೋದರೆ ದೀಪಪಟ್ಟಿಯೊಂದನ್ನು ಹೊರಗೆ ಕೂಡಿಸಬೇಕಾಗುತ್ತದೆ.

ಅಲೆಮಾರಿ ದಂಪತಿ ಬರೆದಿದ್ದಾರೆ:

ರ್ಯಾಕಿನ ಇಷ್ಟೆಲ್ಲ ತಲೆನೋವು ಏಕೆ ಎಂಬುದು ನಮ್ಮ ಅಭಿಪ್ರಾಯ. 20 ಇಂಚಿನ ಚಕ್ರದ, ಮಡಚುವ ಇ-ಸೈಕಲ್ ಎರಡನ್ನು ಕೊಂಡು ಒಳಗೇ ಇಟ್ಟುಕೊಳ್ಳಿ. ಮಳೆಯಿಲ್ಲ, ಧೂಳಿಲ್ಲ, ಕಳ್ಳರ ಕಾಟವಿಲ್ಲ. ನಾವು ಬಹಳ ಕಾಲದಿಂದ ಹೀಗೆಯೇ ಸಾಗಿಸುತ್ತಿದ್ದೇವೆ. ಬಿಡಾರ ತಲುಪಿದ ತಕ್ಷಣ ಹೊರಗೆ ತೆಗೆದು ಬಿಡಿಸಿ ನಿಲ್ಲಿಸುತ್ತೇವೆ, ಹೊರಡುವ ಮುನ್ನ ಮತ್ತೆ ಒಳಗೆ.

ಸೈಕಲ್ ರಿಪೇರಿಯವರು ಬರೆದಿದ್ದಾರೆ:

ಮಡಚುವ ಸೈಕಲ್‌ಗಳ ಬಗ್ಗೆ ನನಗೂ ಗೌರವವಿದೆ, ಆದರೆ ದಾರಿಹೋಕ ಅವರು ಕೊಳ್ಳುವ ಮುನ್ನ ಒಂದು ವಿಷಯ ತಿಳಿದಿರಲಿ. ಮಡಚಿದರೆ ಉದ್ದ ಕಡಿಮೆಯಾಗುತ್ತದೆಯೇ ಹೊರತು ತೂಕ ಕಡಿಮೆಯಾಗುವುದಿಲ್ಲ. ದಪ್ಪ ಟಯರಿನ ಮಡಚುವ ಮಾದರಿಗಳು 28–30 ಕೆ.ಜಿ. ತೂಗುತ್ತವೆ, ಮಡಚಿದ ಮೇಲೆ ಹಿಡಿದೆತ್ತಲು ಸರಿಯಾದ ಹಿಡಿಯೂ ಇರುವುದಿಲ್ಲ. ಅದನ್ನು ಟ್ರೇಲರಿನ ಕಡಿದಾದ ಮೆಟ್ಟಿಲು ಹತ್ತಿಸಿ ಕಿರಿದಾದ ಬಾಗಿಲಿನೊಳಗೆ ತಿರುಗಿಸಿ ಇಡುವುದು ಮೊಣಕಾಲು ನೋವಿರುವವರಿಗೆ, ಸೊಂಟ ಹಿಡಿದುಕೊಳ್ಳುವ ವಯಸ್ಸಿನವರಿಗೆ ಹೇಳಿ ಮಾಡಿಸಿದ ಕೆಲಸವಲ್ಲ. ಒಳಗಿಟ್ಟರೂ ನೆಲದ ಕೊಂಡಿಗಳಿಗೆ ಪಟ್ಟಿ ಬಿಗಿದು ಕಟ್ಟಲೇಬೇಕು, ಇಲ್ಲದಿದ್ದರೆ ಹಠಾತ್ ಬ್ರೇಕ್ ಹಾಕಿದಾಗ ಅಷ್ಟು ತೂಕದ ಲೋಹ ಒಳಗೆಲ್ಲ ಹಾರಾಡುತ್ತದೆ. ಕೀಲಿನ ಚಿಲಕ ಸಡಿಲವಾಗುತ್ತಿದೆಯೇ ಎಂದು ಪ್ರತಿ ಸವಾರಿಗೂ ಮುನ್ನ ಪರೀಕ್ಷಿಸುವ ಅಭ್ಯಾಸವೂ ಬೇಕು. ಅಲೆಮಾರಿ ದಂಪತಿಯಂತೆ ಗಟ್ಟಿಮುಟ್ಟಾಗಿರುವವರಿಗೆ, 20 ಕೆ.ಜಿ. ಒಳಗಿನ ಮಾದರಿ ಕೊಳ್ಳುವವರಿಗೆ ಇದು ಒಳ್ಳೆಯ ದಾರಿ, ಎಲ್ಲರಿಗೂ ಅಲ್ಲ.

ಈಗ ಸೈಕಲ್ ಆಯ್ಕೆಯ ಮಾತು. ಮೊಣಕಾಲು ನೋವಿರುವವರಿಗೆ ನಾನು ನೋಡುವ ಮೊದಲ ಎರಡು ಅಂಶಗಳು ಚೌಕಟ್ಟಿನ ಎತ್ತರ ಮತ್ತು ಪೆಡಲಿನ ಸೆನ್ಸರ್. ಮೇಲಿನ ಅಡ್ಡಕೊಳವೆ ಇಲ್ಲದ, ಕಾಲನ್ನು ತಗ್ಗಿನಲ್ಲೇ ದಾಟಿಸಬಹುದಾದ ಚೌಕಟ್ಟು ಇದ್ದರೆ ಹತ್ತುವಾಗ ಇಳಿಯುವಾಗ ಬೀಳುವ ಭಯವಿರುವುದಿಲ್ಲ. ಸೆನ್ಸರ್‌ಗಳಲ್ಲಿ ಎರಡು ಬಗೆ. ಅಗ್ಗದ ಸೈಕಲ್ಲುಗಳಲ್ಲಿರುವುದು ಪೆಡಲ್ ತಿರುಗುತ್ತಿದೆಯೇ ಇಲ್ಲವೇ ಎಂದಷ್ಟೇ ಗುರುತಿಸುತ್ತದೆ. ಕಾಲು ಅರ್ಧ ಸುತ್ತು ಹಾಕುವವರೆಗೆ ಸುಮ್ಮನಿದ್ದು ಆಮೇಲೆ ಒಮ್ಮೆಲೇ ಎಳೆಯುತ್ತದೆ. ಏರಿನಲ್ಲಿ ನಿಂತು ಹೊರಡುವ ಕ್ಷಣದಲ್ಲಿ, ಅಂದರೆ ಮೊಣಕಾಲಿಗೆ ಅತಿ ಹೆಚ್ಚು ನೋವಾಗುವ ಕ್ಷಣದಲ್ಲಿ, ಅದರಿಂದ ಸಹಾಯ ಸಿಗುವುದಿಲ್ಲ. ಟಾರ್ಕ್ ಸೆನ್ಸರ್ ಇರುವ ಸೈಕಲ್ ಕಾಲಿನ ಒತ್ತಡವನ್ನು ಅಳೆದು ಅದಕ್ಕೆ ತಕ್ಕಂತೆ ತಕ್ಷಣ ಬಲ ಸೇರಿಸುತ್ತದೆ. ನಿಮ್ಮ ಪತ್ನಿಯವರು ಎರಡನ್ನೂ ಒಂದೇ ಏರಿನಲ್ಲಿ ಓಡಿಸಿ ನೋಡಲಿ. ಆಮೇಲೆ ನಾನು ಹೇಳುವುದೇನೂ ಉಳಿಯುವುದಿಲ್ಲ.

ಮೋಟರ್ ಚಕ್ರದ ನಡುವೆ ಇರುವುದು ಒಂದು ಬಗೆ, ಪೆಡಲಿನ ಬಳಿ ಇರುವುದು ಇನ್ನೊಂದು. ಪೆಡಲಿನ ಬಳಿಯ ಮೋಟರ್ ಸೈಕಲ್ಲಿನ ಗೇರುಗಳ ಮೂಲಕವೇ ಕೆಲಸ ಮಾಡುವುದರಿಂದ ಉದ್ದನೆಯ ಕಡಿದಾದ ಏರುಗಳಲ್ಲಿ ಬಿಸಿಯಾಗದೆ ಎಳೆಯುತ್ತದೆ, ತೂಕವೂ ನಡುವೆ ಇರುತ್ತದೆ. ಆದರೆ ಚೈನ್ ಬೇಗ ಸವೆಯುತ್ತದೆ, ಬೆಲೆ ಹೆಚ್ಚು. ಚಕ್ರದಲ್ಲಿರುವ ಮೋಟರ್ ಸರಳ, ಅಗ್ಗ, ಸಮತಟ್ಟಾದ ದಾರಿಗೆ ಸಾಕು. ಹಿಂದಿನ ಚಕ್ರ ಪಂಕ್ಚರ್ ಆದಾಗ ಮಾತ್ರ ಮೋಟರಿನ ತಂತಿ ಬಿಡಿಸಿ ಅಚ್ಚಿನ ನಟ್ ಸಡಿಲಿಸಬೇಕಾಗುತ್ತದೆ. ಹಲವು ಮಾದರಿಗಳಲ್ಲಿ ಅದಕ್ಕೆ 18 ಮಿ.ಮೀ. ಸ್ಪ್ಯಾನರ್ ಬೇಕು. ನಿಮ್ಮ ಸೈಕಲ್ಲಿಗೆ ಸರಿಹೊಂದುವ ಸ್ಪ್ಯಾನರ್ ಟೂಲ್ ಚೀಲದಲ್ಲಿ ಇರಲಿ, ಏಕೆಂದರೆ ಕಾಡಿನ ನಡುವೆ ಅದನ್ನು ಯಾರೂ ಕೊಡಲಾರರು. ಇಷ್ಟು ತೂಕದ ಸೈಕಲ್ಲಿಗೆ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇರಲೇಬೇಕು ಎಂಬುದು ನನ್ನ ದೃಢವಾದ ನಂಬಿಕೆ.

4 ಇಂಚಿನ ಟಯರ್ ನಿಮಗೆ ನಿಜವಾಗಿ ಬೇಕೇ? ಸಡಿಲ ಮರಳು ಮತ್ತು ಹಿಮದಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಗಟ್ಟಿ ಮಣ್ಣಿನ ದಾರಿಗೆ, ಜಲ್ಲಿ ದಾರಿಗೆ 2.2ರಿಂದ 3 ಇಂಚು ಧಾರಾಳವಾಗಿ ಸಾಕು. ಟಯರ್ ತೆಳುವಾದಂತೆ ತೂಕ ಇಳಿಯುತ್ತದೆ, ಬ್ಯಾಟರಿ ಹೆಚ್ಚು ದೂರ ಬರುತ್ತದೆ, ರ್ಯಾಕ್‌ಗಳ ಆಯ್ಕೆಯೂ ಹೆಚ್ಚುತ್ತದೆ. 4 ಇಂಚಿನ ಟಯರ್ ಎಷ್ಟೋ ರ್ಯಾಕ್‌ಗಳ ತೊಟ್ಟಿಲಲ್ಲಿ ಕೂರುವುದೇ ಇಲ್ಲ. 22–24 ಕೆ.ಜಿ. ತೂಗುವ, ತಗ್ಗು ಚೌಕಟ್ಟಿನ, ಟಾರ್ಕ್ ಸೆನ್ಸರ್ ಇರುವ ಸೈಕಲ್ ನಿಮ್ಮಿಬ್ಬರಿಗೂ ಹೊಂದುತ್ತದೆ ಎಂದು ನನಗನಿಸುತ್ತದೆ.

ಹೊಸ ಸದಸ್ಯೆ ಬರೆದಿದ್ದಾರೆ:

ತಗ್ಗು ಚೌಕಟ್ಟಿನ ಸೈಕಲ್ಲನ್ನು ರ್ಯಾಕಿಗೆ ಹೇಗೆ ಸಿಕ್ಕಿಸುವುದು? ನಮ್ಮ ಹಳೆಯ ರ್ಯಾಕಿನಲ್ಲಿ ಮೇಲಿನ ಅಡ್ಡಕೊಳವೆಯಿಂದ ತೂಗುಹಾಕಬೇಕು, ಆ ಕೊಳವೆಯೇ ಇಲ್ಲ.

ಸೈಕಲ್ ರಿಪೇರಿಯವರು ಬರೆದಿದ್ದಾರೆ:

ತೂಗುಹಾಕುವ ರ್ಯಾಕ್ ಇ-ಸೈಕಲ್ಲಿಗೆ ಬೇಡವೇ ಬೇಡ. ಸೀಟಿನ ಕೆಳಗಿನಿಂದ ಹ್ಯಾಂಡಲ್ಲಿಗೆ ಒಂದು ತಾತ್ಕಾಲಿಕ ಅಡ್ಡಪಟ್ಟಿ ಹಾಕಿ ತೂಗುವ ಉಪಾಯ ಮಾಡುವವರಿದ್ದಾರೆ, ಆ ಪಟ್ಟಿ ಸಾಧಾರಣ ಸೈಕಲ್ಲಿನ ತೂಕಕ್ಕೆ ಮಾಡಿದ್ದು. ಚಕ್ರಗಳನ್ನು ತೊಟ್ಟಿಲಲ್ಲಿ ನಿಲ್ಲಿಸಿ, ಟಯರನ್ನೇ ಒತ್ತಿ ಹಿಡಿಯುವ ರ್ಯಾಕ್ ತೆಗೆದುಕೊಳ್ಳಿ. ಚೌಕಟ್ಟನ್ನು ಹಿಡಿಯುವ ಬಗೆಯಲ್ಲಿ ಬಣ್ಣ ಕೆರೆದುಹೋಗುತ್ತದೆ, ಕೆಲವು ಚೌಕಟ್ಟುಗಳಲ್ಲಿ ಅಲ್ಲಿಯೇ ಬ್ಯಾಟರಿ ಇರುತ್ತದೆ. ಟಯರ್ ಹಿಡಿಯುವ ಕೊಕ್ಕೆ ಮಡ್‌ಗಾರ್ಡಿಗೆ ಒತ್ತುತ್ತದೆಯೇ, ಎರಡು ಚಕ್ರಗಳ ನಡುವಿನ ದೂರಕ್ಕೆ ತೊಟ್ಟಿಲು ಸಾಲುತ್ತದೆಯೇ ಎಂದು ಸೈಕಲ್ಲನ್ನೇ ಅಂಗಡಿಗೆ ಕೊಂಡೊಯ್ದು ನೋಡುವುದು ಒಳ್ಳೆಯದು.

ಹತ್ತಿಸುವ ಕ್ರಮವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಸೊಂಟ ಉಳುಕುವುದು ಇಲ್ಲಿಯೇ. ಇಡೀ ಸೈಕಲ್ಲನ್ನು ಒಮ್ಮೆಲೇ ಎತ್ತಬೇಡಿ. ಬ್ಯಾಟರಿ ತೆಗೆದರೆ 3ರಿಂದ 4 ಕೆ.ಜಿ. ಕಡಿಮೆಯಾಗುತ್ತದೆ. ಮೊದಲು ಮುಂದಿನ ಚಕ್ರವನ್ನು ತೊಟ್ಟಿಲಿಗೆ ಇಟ್ಟು, ಆಮೇಲೆ ಹಿಂದಿನದ್ದನ್ನು ಎತ್ತಿ ಸರಿಸಿದರೆ ಪ್ರತಿ ಸಲ ಸುಮಾರು ಅರ್ಧ ತೂಕವನ್ನಷ್ಟೇ ಎತ್ತಿದಂತಾಗುತ್ತದೆ. ಇಳಿಜಾರು ಹಲಗೆ ಇರುವ ರ್ಯಾಕಾದರೆ ಕ್ರಮ ಬೇರೆ. ಅನೇಕ ಇ-ಸೈಕಲ್‌ಗಳಲ್ಲಿ ಪಕ್ಕದಲ್ಲಿ ನಡೆಯುವಾಗ ಗಂಟೆಗೆ 6 ಕಿ.ಮೀ. ಮೀರದ ವೇಗದಲ್ಲಿ ಸೈಕಲ್ ತಾನೇ ಮುಂದೆ ಸಾಗುವಂತೆ ಮಾಡುವ ಒತ್ತುಗುಂಡಿ ಇರುತ್ತದೆ. ಅದು ಬ್ಯಾಟರಿ ಇದ್ದರೆ ಮಾತ್ರ ಕೆಲಸ ಮಾಡುತ್ತದೆ. ಹಾಗಾಗಿ ಹಲಗೆಯ ಮೇಲೆ ಬ್ಯಾಟರಿ ಸಮೇತ ಹತ್ತಿಸಿ, ಕೊಕ್ಕೆ ಬಿಗಿದ ಮೇಲೆ ಬ್ಯಾಟರಿ ತೆಗೆಯಿರಿ. ಬ್ರೇಕಿನ ಮೇಲೆ ಬೆರಳು ಇರಲಿ.

ವಿದ್ಯುತ್ ಲೆಕ್ಕದವರು ಬರೆದಿದ್ದಾರೆ:

ಚಾರ್ಜಿಂಗ್ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ಬ್ಯಾಟರಿಯ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್-ಅವರ್ ಎರಡನ್ನೂ ಗುಣಿಸಿದರೆ ವ್ಯಾಟ್-ಅವರ್ ಸಿಗುತ್ತದೆ. 36 ವೋಲ್ಟ್, 14 ಆಂಪಿಯರ್-ಅವರ್ ಎಂದರೆ 504 ವ್ಯಾಟ್-ಅವರ್. ಪೆಡಲ್ ತುಳಿಯುತ್ತಾ ಮಧ್ಯಮ ಸಹಾಯದಲ್ಲಿ ಹೋದರೆ ಕಿಲೋಮೀಟರಿಗೆ 10ರಿಂದ 12 ವ್ಯಾಟ್-ಅವರ್ ಖರ್ಚಾಗುತ್ತದೆ ಎಂದು ಲೆಕ್ಕ ಹಿಡಿಯಿರಿ. ಅಂದರೆ 40ರಿಂದ 50 ಕಿ.ಮೀ. ದೂರ. ದಪ್ಪ ಟಯರ್, ಎದುರುಗಾಳಿ, ಏರು, ಪೆಡಲ್ ತುಳಿಯದೆ ಬರೀ ಥ್ರಾಟಲ್ (ಮೋಟರನ್ನು ನೇರವಾಗಿ ಓಡಿಸುವ ಹಿಡಿ) ತಿರುವುವುದು, ಇವೆಲ್ಲ ಆ ದೂರವನ್ನು ಕಡಿಮೆ ಮಾಡುತ್ತವೆ. ಜಾಹೀರಾತಿನಲ್ಲಿ ಬರೆದಿರುವ ದೂರ ಅತಿ ಕಡಿಮೆ ಸಹಾಯದಲ್ಲಿ, ಸಮತಟ್ಟಾದ ದಾರಿಯಲ್ಲಿ ಸಿಗುವಂಥದ್ದು.

ಒಂದು ಪೂರ್ತಿ ಖಾಲಿ ಬ್ಯಾಟರಿಯನ್ನು ಆರ್‌ವಿಯ 12 ವೋಲ್ಟ್ ಬ್ಯಾಟರಿಯಿಂದ ಇನ್ವರ್ಟರ್ ಮೂಲಕ ತುಂಬಿಸಲು, ದಾರಿಯಲ್ಲಿ ನಷ್ಟವಾಗುವ ಸುಮಾರು ಶೇ. 20ನ್ನು ಸೇರಿಸಿದರೆ, 630 ವ್ಯಾಟ್-ಅವರ್ ಬೇಕು. ಅಂದರೆ ಸುಮಾರು 50 ಆಂಪಿಯರ್-ಅವರ್. ಎರಡೂ ಸೈಕಲ್ ಪೂರ್ತಿ ಖಾಲಿಯಾಗಿದ್ದರೆ 100 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿಯೊಂದು ಪೂರ್ತಿ ಬರಿದಾಗುತ್ತದೆ; ಸೀಸದ ಬ್ಯಾಟರಿಯಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದಾದ್ದರಿಂದ ಒಂದೇ ಸೈಕಲ್ಲಿಗೆ ಅದರ ಕೆಲಸ ಮುಗಿಯುತ್ತದೆ. ಆದರೆ ಬಿಡಾರದ ಸುತ್ತಮುತ್ತ ದಿನಕ್ಕೆ 20 ಕಿ.ಮೀ. ಓಡಾಡಿದರೆ ಇಬ್ಬರದ್ದೂ ಸೇರಿ ಬೇಕಾಗುವುದು ಸುಮಾರು 550 ವ್ಯಾಟ್-ಅವರ್ ಮಾತ್ರ. 200 ವ್ಯಾಟಿನ ಸೌರಫಲಕ ಒಳ್ಳೆಯ ಬಿಸಿಲಿನ ದಿನ ಸುಮಾರು 700 ವ್ಯಾಟ್-ಅವರ್ ಕೊಡುತ್ತದೆ. ಆದ್ದರಿಂದ ಸಾಧ್ಯವಿದೆ, ಆದರೆ ಫ್ರಿಜ್, ಪಂಪ್, ದೀಪಗಳ ಪಾಲನ್ನೂ ಅದರಲ್ಲೇ ತೆಗೆಯಬೇಕೆಂದರೆ 400 ವ್ಯಾಟ್ ಇರುವುದು ಲೇಸು. ಚಾರ್ಜರ್ ಎಳೆಯುವುದು 100ರಿಂದ 250 ವ್ಯಾಟ್ ಮಾತ್ರ, ಹಾಗಾಗಿ ದೊಡ್ಡ ಇನ್ವರ್ಟರ್ ಬೇಕಿಲ್ಲ. ಶುದ್ಧ ಸೈನ್ ತರಂಗದ್ದಾಗಿರಲಿ, ಅಂದರೆ ಮನೆಯ ವಿದ್ಯುತ್ತಿನಂತೆಯೇ ನಯವಾದ ಅಲೆ ಕೊಡುವಂಥದ್ದು. ಬೇರೆ ಬಗೆಯದ್ದರಲ್ಲಿ ಕೆಲವು ಚಾರ್ಜರ್‌ಗಳು ಬಿಸಿಯಾಗಿ ಕೆಡಬಹುದು. ಚಾರ್ಜ್ ಮಾಡುವ ಸಮಯ ನಡುಹಗಲು, ಬಿಸಿಲು ಇರುವಾಗ. ರಾತ್ರಿ ಅಲ್ಲ.

ಅಲೆಮಾರಿ ದಂಪತಿ ಬರೆದಿದ್ದಾರೆ:

ನಾವು ಸಾಮಾನ್ಯವಾಗಿ ರಾತ್ರಿ ಮಲಗುವಾಗ ಬಾಗಿಲ ಬಳಿಯ ಪ್ಲಗ್ಗಿಗೆ ಹಾಕಿಬಿಡುತ್ತೇವೆ, ಬೆಳಿಗ್ಗೆ ತುಂಬಿರುತ್ತದೆ. ಇದುವರೆಗೆ ತೊಂದರೆ ಬಂದಿಲ್ಲ. ರಾತ್ರಿ ಬೇಡ ಎನ್ನಲು ಬಿಸಿಲಿನ ಹೊರತು ಬೇರೆ ಕಾರಣವೂ ಇದೆಯೇ?

ವಿದ್ಯುತ್ ಲೆಕ್ಕದವರು ಬರೆದಿದ್ದಾರೆ:

ಇದೆ, ಮತ್ತು ಈ ಚರ್ಚೆಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ ಎಂದು ತಿಳಿದು ಬರೆಯುತ್ತಿದ್ದೇನೆ. ದಯವಿಟ್ಟು ಈ ಅಭ್ಯಾಸವನ್ನು ಇವತ್ತೇ ಬಿಟ್ಟುಬಿಡಿ. ಇ-ಸೈಕಲ್ಲಿನ ಲಿಥಿಯಂ ಬ್ಯಾಟರಿಯ ಒಂದು ಕೋಶದೊಳಗೆ ಶಾರ್ಟ್ ಆಗಿ ಬಿಸಿ ಏರತೊಡಗಿದರೆ ಅದು ಪಕ್ಕದ ಕೋಶಕ್ಕೆ, ಅದರಿಂದ ಮತ್ತೊಂದಕ್ಕೆ ಹಬ್ಬುತ್ತದೆ. ವಿಷಯುಕ್ತವಾದ, ಸುಲಭವಾಗಿ ಹೊತ್ತಿಕೊಳ್ಳಬಲ್ಲ ಅನಿಲ ಹೊರಬರುತ್ತದೆ. ಹೊಗೆ ಕಂಡ ಮೇಲೆ ನಿಮಗೆ ಸಿಗುವ ಸಮಯವನ್ನು ನಿಮಿಷಗಳಲ್ಲಿ ಎಣಿಸಬೇಕು, ಕೆಲವೊಮ್ಮೆ ಅದೂ ಇರುವುದಿಲ್ಲ. ಮರದ ಹಲಗೆ, ಫೋಮ್, ಬಟ್ಟೆಗಳಿಂದ ಮಾಡಿದ ಆರ್‌ವಿಗೆ ಸಾಮಾನ್ಯವಾಗಿ ಒಂದೇ ಬಾಗಿಲು. ನೀವು ಚಾರ್ಜಿಗೆ ಇಡುತ್ತಿರುವುದು ಆ ಬಾಗಿಲ ಬಳಿಯಲ್ಲಿಯೇ. ಬೆಂಕಿ ಹೊತ್ತಿಕೊಂಡರೆ ಹೊರಬರುವ ದಾರಿ ಮೊದಲು ಮುಚ್ಚುತ್ತದೆ.

ಚಾರ್ಜನ್ನು ಹೊರಗೆ, ನೆರಳಿನಲ್ಲಿ, ಒಣ ಹುಲ್ಲಿಲ್ಲದ ಗಟ್ಟಿ ನೆಲದ ಮೇಲೆ, ವಾಹನದಿಂದಲೂ ಗ್ಯಾಸ್ ಸಿಲಿಂಡರಿನಿಂದಲೂ ದೂರದಲ್ಲಿ, ನೀವು ಎಚ್ಚರವಿದ್ದು ನೋಡುತ್ತಿರುವಾಗ ಮಾಡಿ. ಬ್ಯಾಟರಿಯ ಜೊತೆ ಬಂದ ಚಾರ್ಜರನ್ನೇ ಬಳಸಿ. ತಾಪಮಾನ 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದಾಗ ಚಾರ್ಜ್ ಮಾಡಿದರೆ ಕೋಶದೊಳಗೆ ಲಿಥಿಯಂ ಲೋಹವಾಗಿ ಕಟ್ಟಿಕೊಂಡು ಮುಂದಿನ ಶಾರ್ಟಿಗೆ ದಾರಿಯಾಗುತ್ತದೆ. ಬ್ಯಾಟರಿ ಬೆಚ್ಚಗಾಗುವವರೆಗೆ ಕಾಯಿರಿ. ಬಿದ್ದ, ಊದಿದ, ನೀರು ಹೊಕ್ಕ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಲೇಬೇಡಿ.

ಕೊಳ್ಳುವಾಗಲೇ ಅರ್ಧ ಅಪಾಯವನ್ನು ದೂರ ಮಾಡಬಹುದು. ಮೋಟರ್, ಬ್ಯಾಟರಿ, ಚಾರ್ಜರ್ ಎಲ್ಲವನ್ನೂ ಒಟ್ಟಾಗಿ ಪರೀಕ್ಷಿಸುವ ಮಾನದಂಡ ಅಮೆರಿಕದ ಸುರಕ್ಷತಾ ಸಂಸ್ಥೆ ಯುಎಲ್‌ನ ಯುಎಲ್ 2849. ಬ್ಯಾಟರಿಗೆ ಮಾತ್ರ ಇರುವುದು ಯುಎಲ್ 2271. ಯುರೋಪಿನಲ್ಲಿ ಇ-ಸೈಕಲ್ಲಿನ ಮಾನದಂಡ ಇಎನ್ 15194. ಬ್ಯಾಟರಿ ಬೆಂಕಿಗಳಿಂದ ಸಾವುನೋವು ಕಂಡ ನ್ಯೂಯಾರ್ಕ್ ನಗರವು ಯುಎಲ್ 2849 ಪ್ರಮಾಣವಿಲ್ಲದ ಇ-ಸೈಕಲ್ ಮಾರಾಟವನ್ನು 2023ರಲ್ಲಿ ಕಾನೂನಿನ ಮೂಲಕವೇ ನಿಲ್ಲಿಸಿತು. ಈ ಗುರುತು ಇಲ್ಲದ ಸೈಕಲ್ ಎಷ್ಟೇ ಅಗ್ಗವಾಗಿ ಸಿಕ್ಕಿದರೂ ಮಲಗುವ ಜಾಗದ ಹತ್ತಿರ ಅದನ್ನು ತರಬೇಡಿ.

ಅಲೆಮಾರಿ ದಂಪತಿ ಬರೆದಿದ್ದಾರೆ:

ಬಾಗಿಲಿನ ಮಾತು ನಮಗೆ ಹೊಳೆದಿರಲಿಲ್ಲ. ಇನ್ನು ಮೇಲೆ ಹಗಲಿನಲ್ಲಿ ಹೊರಗೇ ಚಾರ್ಜ್ ಮಾಡುತ್ತೇವೆ.

ಹೊಸ ಸದಸ್ಯೆ ಬರೆದಿದ್ದಾರೆ:

ಪ್ರಯಾಣದ ಸಮಯದಲ್ಲಿ ಬ್ಯಾಟರಿಯನ್ನು ಸೈಕಲ್ಲಿನಲ್ಲೇ ಬಿಡಬಹುದೇ? ಮತ್ತು ಮಳೆಯಲ್ಲಿ ಸಾಗಿಸುವಾಗ ಹೊದಿಕೆ ಹಾಕಬೇಕೇ?

ಗ್ಯಾರೇಜ್‌ನಿಂದ ಬರೆದಿದ್ದಾರೆ:

ಬ್ಯಾಟರಿ ತೆಗೆಯಿರಿ ಮೇಡಂ. ತೂಕ ಇಳಿಯುತ್ತದೆ, ಕುಲುಕಾಟಕ್ಕೆ ಬೀಗದ ಜಾಗ ಸಡಿಲವಾಗುವುದು ತಪ್ಪುತ್ತದೆ, ಹಿಂದಿನಿಂದ ಯಾರಾದರೂ ಡಿಕ್ಕಿ ಹೊಡೆದರೆ ಜಜ್ಜಿಹೋಗುವ ಮೊದಲ ವಸ್ತು ಅದಾಗಬಾರದು. ತೆಗೆದದ್ದನ್ನು ಮೆತ್ತೆಯಿರುವ ಪೆಟ್ಟಿಗೆಯಲ್ಲಿ, ಅಲುಗಾಡದಂತೆ, ಸಂಪರ್ಕದ ಬಿಂದುಗಳಿಗೆ ಲೋಹ ತಗಲದಂತೆ ಮುಚ್ಚಿ, ಬಿಸಿಲು ಬೀಳದ ಕಡೆ ಇಡಿ.

ಮಳೆಯ ಬಗ್ಗೆ: ಆಕಾಶದಿಂದ ಬೀಳುವ ನೀರಿಗಿಂತ ಚಕ್ರಗಳಿಂದ ಎರಚುವ ಕೆಸರು ನೀರು ಹೆಚ್ಚು ಹಾನಿ ಮಾಡುತ್ತದೆ, ಹೆದ್ದಾರಿ ವೇಗದಲ್ಲಿ ಅದು ಒತ್ತಡದಿಂದ ಕನೆಕ್ಟರುಗಳ ಒಳಗೆ ನುಗ್ಗುತ್ತದೆ. ಡಿಸ್‌ಪ್ಲೇ ಕಳಚಿಟ್ಟು, ಬ್ಯಾಟರಿ ಕೂರುವ ಜಾಗವನ್ನೂ ಹ್ಯಾಂಡಲ್ಲಿನ ಗುಂಡಿಗಳನ್ನೂ ಬಿಗಿಯಾದ ಪ್ಲಾಸ್ಟಿಕ್ ಚೀಲದಿಂದ ಸುತ್ತಿದರೆ ಹೆಚ್ಚಿನ ಕೆಲಸ ಆಯಿತು. ಇಡೀ ಸೈಕಲ್ಲಿಗೆ ದೊಡ್ಡ ಹೊದಿಕೆ ಹಾಕಿದರೆ ಅದು ಗಾಳಿ ತುಂಬಿಕೊಂಡು ರ್ಯಾಕನ್ನು ಎಳೆಯುತ್ತದೆ, ಪಟಪಟನೆ ಬಡಿದು ಬಣ್ಣ ಕೆರೆಯುತ್ತದೆ. ಹೊದಿಸಲೇಬೇಕೆಂದರೆ ಪ್ರಯಾಣಕ್ಕೆಂದೇ ಹೊಲಿದ, ಪಟ್ಟಿಗಳಿಂದ ಬಿಗಿಯಬಹುದಾದದ್ದನ್ನು ಬಳಸಿ. ರ್ಯಾಕಿನ ತಯಾರಕರು ಹೊದಿಕೆಗೆ ಒಪ್ಪುತ್ತಾರೆಯೇ ಎಂಬುದನ್ನೂ ನೋಡಿ.

ದಾರಿಹೋಕ ಬರೆದಿದ್ದಾರೆ:

ಎಲ್ಲರ ಉತ್ತರಗಳನ್ನು ನಾವಿಬ್ಬರೂ ಕೂತು ಓದಿದೆವು. ಬಾಗಿಲ ಚೌಕಟ್ಟಿನ ಪಟ್ಟಿಯಲ್ಲಿ ನೋಡಿದಾಗ ಪಿಕಪ್ಪಿನಲ್ಲಿ ಇನ್ನೂ 110 ಕೆ.ಜಿ. ಹೊರುವ ಅವಕಾಶ ಉಳಿದಿದೆ. ಆದ್ದರಿಂದ ದಪ್ಪ ಟಯರಿನ ಮಾದರಿಯನ್ನು ಕೈಬಿಟ್ಟು, ತಲಾ 23 ಕೆ.ಜಿ. ತೂಗುವ, ತಗ್ಗು ಚೌಕಟ್ಟಿನ, ಟಾರ್ಕ್ ಸೆನ್ಸರ್ ಮತ್ತು ಯುಎಲ್ 2849 ಗುರುತು ಇರುವ ಸೈಕಲ್‌ಗಳನ್ನು ಆರಿಸಿ ತೊಟ್ಟಿಯಲ್ಲೇ ಸಾಗಿಸಲು ತೀರ್ಮಾನಿಸಿದ್ದೇವೆ. ಉಳಿದಿರುವುದು ಎರಡು ಸಂದೇಹಗಳು. ಥ್ರಾಟಲ್ ಇರುವುದನ್ನು ಕೊಳ್ಳುವುದೋ ಬೇಡವೋ? ಮತ್ತು, ಹಿಂಬಾಗಿಲಿನ ಮೇಲೆ ಮೆತ್ತೆ ಹಾಕಿ ಮುಂದಿನ ಚಕ್ರವನ್ನು ಹೊರಗೆ ಇಳಿಬಿಡುವ ವಿಧಾನ ನಮಗೆ ಆಗುತ್ತದೆಯೇ?

ಸೈಕಲ್ ರಿಪೇರಿಯವರು ಬರೆದಿದ್ದಾರೆ:

ನೀವು ಸುತ್ತಾಡುವ ಜಾಗಗಳ ನಿಯಮವೇ ಥ್ರಾಟಲ್ ಪ್ರಶ್ನೆಯನ್ನು ತೀರ್ಮಾನಿಸುತ್ತದೆ. ಯುರೋಪಿನ ನಿಯಮದಲ್ಲಿ 250 ವ್ಯಾಟ್ ಮತ್ತು ಗಂಟೆಗೆ 25 ಕಿ.ಮೀ. ಮಿತಿಯೊಳಗೆ, ಪೆಡಲ್ ತುಳಿದಾಗ ಮಾತ್ರ ಸಹಾಯ ಮಾಡುವುದನ್ನು ಸೈಕಲ್ ಎಂದೇ ಪರಿಗಣಿಸುತ್ತಾರೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಮೂರು ವರ್ಗಗಳಿವೆ: ಒಂದನೆಯದರಲ್ಲಿ ಥ್ರಾಟಲ್ ಇಲ್ಲ, ಸಹಾಯ ಗಂಟೆಗೆ 32 ಕಿ.ಮೀ.ವರೆಗೆ, ಎರಡನೆಯದರಲ್ಲಿ ಅದೇ ವೇಗಕ್ಕೆ ಥ್ರಾಟಲ್ ಇದೆ, ಮೂರನೆಯದರಲ್ಲಿ ಪೆಡಲ್ ಸಹಾಯ 45 ಕಿ.ಮೀ.ವರೆಗೆ. ಕಾಡುದಾರಿಗಳಲ್ಲಿ ಅತಿ ಹೆಚ್ಚು ಕಡೆ ಒಳಬಿಡುವುದು ಒಂದನೆಯ ವರ್ಗವನ್ನು. ಟಾರ್ಕ್ ಸೆನ್ಸರ್ ಚೆನ್ನಾಗಿದ್ದರೆ ಥ್ರಾಟಲ್ ಇಲ್ಲದಿರುವುದು ನಿಮಗೆ ಕೊರತೆಯಾಗದು. ಆದರೆ ಮೊಣಕಾಲು ನಡುದಾರಿಯಲ್ಲಿ ಹಿಡಿದುಕೊಳ್ಳುವಷ್ಟು ನೋವಿದ್ದರೆ ನಿಮ್ಮ ಪತ್ನಿಯವರ ಸೈಕಲ್ಲಿಗೆ ಮಾತ್ರ ಥ್ರಾಟಲ್ ಇರಲಿ, ಹೋಗುವ ದಾರಿಯ ಫಲಕವನ್ನು ಓದಿಕೊಂಡು ಬಳಸಲಿ.

ಗ್ಯಾರೇಜ್‌ನಿಂದ ಬರೆದಿದ್ದಾರೆ:

ಟ್ರೇಲರ್ ಎಳೆಯುವಾಗ ಹಿಂಬಾಗಿಲಿನ ಮೇಲೆ ಚಕ್ರ ಇಳಿಬಿಡುವುದು ಬೇಡ. ಕಡಿದಾದ ತಿರುವಿನಲ್ಲಿ ಟ್ರೇಲರಿನ ಮೂಗು ಹಿಂಬಾಗಿಲಿನ ಹತ್ತಿರಕ್ಕೆ ಬರುತ್ತದೆ. ಹೊರಗೆ ಚಾಚಿದ ಚಕ್ರ ಅಲ್ಲಿ ಸಿಕ್ಕಿಕೊಂಡರೆ ಚಕ್ರವನ್ನು ಹಿಡಿದಿರುವ ಕವಲು (ಫೋರ್ಕ್) ಬಾಗುತ್ತದೆ. ಎರಡೂ ಸೈಕಲ್ಲನ್ನು ತೊಟ್ಟಿಯೊಳಗೆ ಉದ್ದಕ್ಕೆ ನಿಲ್ಲಿಸಿ, ಒಂದರ ಹ್ಯಾಂಡಲ್ ಮುಂದಕ್ಕೆ, ಇನ್ನೊಂದರದ್ದು ಹಿಂದಕ್ಕೆ ಬರುವಂತೆ ಇಡಿ. ಕ್ಯಾಬಿನ್ ಕಡೆಯ ಗೋಡೆಗೆ ಅಡ್ಡಲಾಗಿ ಕಂಬಿಯೊಂದನ್ನು ಬೋಲ್ಟ್ ಮಾಡಿಸಿ ಅದಕ್ಕೆ ಚಕ್ರಗಳನ್ನು ಕಟ್ಟಿ. ತೊಟ್ಟಿಯ ಉದ್ದ ಸಾಲದಿದ್ದರೆ ಮುಂದಿನ ಚಕ್ರ ಕಳಚಿ ಇಡಬೇಕಾಗುತ್ತದೆ. ಕಳಚಿದಾಗ ಬ್ರೇಕಿನ ಎರಡು ಪ್ಯಾಡುಗಳ ನಡುವೆ ಪ್ಲಾಸ್ಟಿಕ್ ತುಂಡೊಂದನ್ನು ಸಿಕ್ಕಿಸಿಡಿ, ಇಲ್ಲದಿದ್ದರೆ ಕುಲುಕಾಟದಲ್ಲಿ ಬ್ರೇಕ್ ಹಿಡಿ ಒತ್ತಿಹೋಗಿ ಪ್ಯಾಡುಗಳು ಕೂಡಿಕೊಂಡುಬಿಡುತ್ತವೆ. ಪಟ್ಟಿಯನ್ನು ಬ್ರೇಕಿನ ಕೊಳವೆಯ ಮೇಲಾಗಲಿ ಮೋಟರಿನ ತಂತಿಯ ಮೇಲಾಗಲಿ ಹಾಯಿಸದೆ ಚೌಕಟ್ಟಿಗೇ ಬಿಗಿಯಿರಿ. ಹೊರಟು ಹದಿನೈದು ಇಪ್ಪತ್ತು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ ಎಲ್ಲ ಪಟ್ಟಿಗಳನ್ನು ಮತ್ತೆ ಎಳೆದು ನೋಡಿ. ಹೊಸ ಪಟ್ಟಿಗಳು ಆ ಹೊತ್ತಿಗೆ ಸ್ವಲ್ಪ ಹಿಗ್ಗಿರುತ್ತವೆ.